ಸಂಜೆಯ ವಾಕ್ಯಗಳು

ಅಕ್ಕ ಫೋನ್ ಮಾಡಿದರೆ ತಂಗಿ ಅದನ್ನು ಕಿವಿಗೆ ಹಿಡಿಯುವ ಸಾಹಸ ಮಾಡುತ್ತಿರಲಿಲ್ಲ. ಮೇಜಿನ ಮೇಲಿಟ್ಟು, ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡು ಕೂರುತ್ತಿದ್ದಳು. ಸ್ಪೀಕರ್ ಒತ್ತುವ ಅಗತ್ಯವೂ ಇರುತ್ತಿರಲಿಲ್ಲ. ತರಕಾರಿಯ ಸಗಟು ಮಾರುಕಟ್ಟೆಯಲ್ಲಿ ಹರಾಜು ಕೂಗುವವಳ ಗಂಟಲು ಅದು. ಲಾರಿಗಳ ಹಾರ್ನು, ಮೂಟೆ ಹೊರುವವರ ಕೂಗಾಟ, ವ್ಯಾಪಾರಿಗಳ ಗೊಣಗಾಟ ಎಲ್ಲವನ್ನೂ ದಾಟಿ ಕೊನೆಯಲ್ಲಿ ನಿಂತವನ ಕಿವಿಗೂ ಬೆಲೆ ಮುಟ್ಟಿಸಬೇಕಾದ ಗಂಟಲು. ಮಾರುಕಟ್ಟೆಯವರು ಅವಳಿಗೆ ಕಹಳೆ ಎಂದು ಹೆಸರಿಟ್ಟಿದ್ದರು. ಬೆನ್ನ ಹಿಂದೆ ಆಡಿಕೊಳ್ಳುವ ಹೆಸರಲ್ಲ, ಎದುರಿಗೇ ಕರೆಯುತ್ತಿದ್ದರು, ಅವಳೂ ಬಿಂಕದಿಂದಲೇ ಓಗೊಡುತ್ತಿದ್ದಳು.

ಆ ಬೆಳಿಗ್ಗೆ ಮಾತ್ರ ತಂಗಿ ಫೋನನ್ನು ಕಿವಿಗೆ ಒತ್ತಿ ಹಿಡಿಯಬೇಕಾಯಿತು.

"ಪುಟ್ಟೀ, ನಿನ್ನ ಕಂಪ್ಯೂಟರ್ ಡಬ್ಬ ಮತ್ತೆ ಕೈ ಕೊಡ್ತು ಕಣೇ," ಎಂದಳು ಅಕ್ಕ. ಮರಳುಕಾಗದ ಉಜ್ಜಿದ ಹಾಗಿತ್ತು ದನಿ. "ನಿನ್ನೆ ಸಂಜೆ ಓದಿದ್ದೆಲ್ಲ ಹೋಯ್ತು. ಓದಿ ಆಫ್ ಮಾಡಿದಾಗ ಚೆನ್ನಾಗೇ ಇತ್ತು. ಬೆಳಿಗ್ಗೆ ಆನ್ ಮಾಡಿದ್ರೆ ಕಪ್ಪು ಪರದೆ, ಅದರ ಮೇಲೆ ಇರುವೆ ಸಾಲಿನ ಥರ ಅಕ್ಷರ. ನಂಗೆ ಇನ್ನು ಓದೋಕಾಗಲ್ಲ. ಹೋದ್ರೆ ಹೋಗ್ಲಿ ಬಿಡು."

ಹೋದ್ರೆ ಹೋಗ್ಲಿ ಬಿಡು ಅನ್ನುವ ಮಾತು ಅಕ್ಕನ ಬಾಯಲ್ಲಿ ಬಂದದ್ದು ಕೇಳಿ ತಂಗಿ ಕುರ್ಚಿ ಬಿಟ್ಟು ಎದ್ದಳು. ಕೊಳೆತ ಒಂದು ಕೋಸಿನ ಗಡ್ಡೆಯನ್ನೂ ಸುಮ್ಮನೆ ಬಿಟ್ಟುಕೊಟ್ಟವಳಲ್ಲ ಅವಳು. ಕೆಲಸಕ್ಕೆ ರಜೆ ಹಾಕಿ, ಚೀಲದಲ್ಲಿ ನಾಲ್ಕು ಬಟ್ಟೆ ತುರುಕಿಕೊಂಡು, ಮಧ್ಯಾಹ್ನದ ಬಸ್ಸಿಗೇ ಹೊರಟಳು.

ವಿಷಯ ಇಷ್ಟು. ಅಕ್ಕನ ಗಂಟಲಲ್ಲಿ ಗಡ್ಡೆ ಬೆಳೆದಿತ್ತು. ಮೊದಲು ಕೂಗಿ ಕೂಗಿ ಹೀಗಾಗಿದೆ ಅಂದುಕೊಂಡಳು, ಬಿಸಿನೀರು ಕುಡಿದಳು, ಜೇನು ನೆಕ್ಕಿದಳು, ಡಾಕ್ಟರನ್ನು ಬೈದಳು. ಕೊನೆಗೆ ದೊಡ್ಡ ಆಸ್ಪತ್ರೆಯವರು ಧ್ವನಿಪೆಟ್ಟಿಗೆಯನ್ನೇ ತೆಗೆಯದೆ ಬೇರೆ ದಾರಿಯಿಲ್ಲ ಎಂದರು. ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ. ಆಪರೇಷನ್ ಬರುವ ವಾರದ ಕೊನೆಗೆ ಎಂದು ಗೊತ್ತಾಗಿತ್ತು. ಅದಕ್ಕೆ ಮುಂಚೆ ಮಾಡುವುದು ಒಂದೇ ಕೆಲಸ. ಮಾತು ಕಲಿಸುವ ಡಾಕ್ಟರಮ್ಮ ಕೊಟ್ಟ ವಾಕ್ಯಗಳನ್ನು ಅಕ್ಕ ತನ್ನ ದನಿಯಲ್ಲಿ ಓದಿ ಕಂಪ್ಯೂಟರಿಗೆ ತುಂಬಬೇಕು. ಸಾಕಷ್ಟು ವಾಕ್ಯ ಸೇರಿದರೆ ಅದು ಅವಳ ದನಿಯನ್ನು ಕಲಿತುಕೊಳ್ಳುತ್ತದೆ. ಆಮೇಲೆ ಅವಳು ಫೋನಿನಲ್ಲಿ ಬೆರಳಾಡಿಸಿದ್ದನ್ನು ಅವಳದೇ ದನಿಯಲ್ಲಿ ಹೇಳುತ್ತದೆ. ಸಾಲದೆ ಹೋದರೆ ರೈಲ್ವೆ ಸ್ಟೇಷನ್ನಿನಲ್ಲಿ ಮಾತಾಡುವ ಯಾವಳೋ ಅಪರಿಚಿತೆಯ ದನಿಯಲ್ಲಿ ಉಳಿದ ಆಯುಷ್ಯವೆಲ್ಲ ಮಾತಾಡಬೇಕು. ಕಹಳೆಗೆ ಅದಕ್ಕಿಂತ ಅವಮಾನ ಬೇರೆ ಇರಲಿಲ್ಲ.

ಕಂಪ್ಯೂಟರನ್ನು ಸಜ್ಜು ಮಾಡಿಕೊಟ್ಟವಳು ತಂಗಿಯೇ. ಒಂದು ದೊಡ್ಡ ಗ್ರಂಥಾಲಯದ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವುದು ಅವಳ ಉದ್ಯೋಗ. ಕೆಟ್ಟ ಯಂತ್ರದ ಮುಂದೆ ಕೂತರೆ ಅವಳಿಗೆ ಊಟ ತಿಂಡಿಯ ನೆನಪಾಗುತ್ತಿರಲಿಲ್ಲ. ಯಂತ್ರಕ್ಕೆ ನೂರು ಪ್ರಶ್ನೆ ಕೇಳುವಳು, ಅದನ್ನು ಬಳಸುವ ಮನುಷ್ಯರಿಗೆ ಒಂದು ಕೇಳುವಳು, ಅದೂ ಮರ್ಯಾದೆಗೆ. ಮನುಷ್ಯರು ಸುತ್ತಿ ಬಳಸಿ ಹೇಳುತ್ತಾರೆ, ಯಂತ್ರಕ್ಕೆ ಆ ಚಾಳಿಯಿಲ್ಲ ಎನ್ನುವುದು ಅವಳ ನಂಬಿಕೆ.

ಮೊದಲ ಸಲ ಹೀಗಾದಾಗ ಅವಳು ಕರೆಂಟನ್ನು ಅನುಮಾನಿಸಿದಳು. ಮೇಜಿನ ಕೆಳಗೆ ಬ್ಯಾಟರಿಯ ಡಬ್ಬ ಇಡಿಸಿದಳು, ದೀಪ ಹೋದರೂ ಕಂಪ್ಯೂಟರ್ ಉಸಿರಾಡುತ್ತಿರಲಿ ಎಂದು. ಎರಡನೇ ಸಲ ಡಿಸ್ಕನ್ನು ಅನುಮಾನಿಸಿದಳು. ಹಾಡು, ಸಿನಿಮಾ, ಮದುವೆ ಫೋಟೋ ತುಂಬಿದ್ದ ಹಳೆಯದನ್ನು ಕಿತ್ತು ಹೊಚ್ಚ ಹೊಸದನ್ನು ಹಾಕಿಸಿದಳು. ಈಗ ಮೂರನೆಯದು. ಅನುಮಾನಿಸಲು ಬಾಕಿ ಉಳಿದವರು ಯಾರು ಎಂದು ಬಸ್ಸಿನ ಕಿಟಕಿಗೆ ತಲೆಯಾನಿಸಿ ಯೋಚಿಸುತ್ತ ಹೋದಳು.

ಮನೆ ತಲುಪಿದಾಗ ಬಾಗಿಲು ತೆರೆದವರು ಭಾವ. ಕನ್ನಡಕದ ಗಾಜು ಉಜ್ಜಿ ಅಳತೆಗೆ ಕೂರಿಸುವುದು ಅವರ ಕಸುಬು. ಸಣ್ಣ ಅಂಗಡಿ, ಸಣ್ಣ ಮೇಜು, ಮೂಗಿನ ತುದಿಗೆ ಜಾರಿದ ಸ್ವಂತ ಕನ್ನಡಕ. "ಬಾ" ಎಂದರು. ಚೀಲ ತೆಗೆದುಕೊಂಡರು. ಅದಾದ ಮೇಲೆ ಅವರ ಬಾಯಿಂದ ಎರಡನೇ ಮಾತು ಬರುವಷ್ಟರಲ್ಲಿ ತಂಗಿ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಒಳಗೆ ಹೋಗಿ ಆಗಿತ್ತು.

"ಬಸ್ಸಲ್ಲಿ ಸೀಟ್ ಸಿಕ್ತಾ?" ಎಂದು ಆಮೇಲೆ ಅವರು ಕೇಳಿದ್ದು ಖಾಲಿ ನಡುಮನೆಗೆ.

ಭಾವನ ಸ್ವಭಾವವೇ ಹಾಗೆ. ಮಾತು ಬರದ ಮನುಷ್ಯನಲ್ಲ, ತಡವಾಗಿ ಬರುತ್ತಿತ್ತು ಅಷ್ಟೆ. ಯಾವ ಪ್ರಶ್ನೆ ಕೇಳಿದರೂ ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಅಂಚು ಸವರಿ ನೋಡಿ ಉತ್ತರ ಕೊಡಬೇಕು ಅವರಿಗೆ. ಅಕ್ಕನೋ ಹರಾಜಿನವಳು. ಒಂದು ಸಾರಿ, ಎರಡು ಸಾರಿ, ಮೂರು ಸಾರಿ, ಮುಗಿಯಿತು. ಮೂರನೆಯ ಕೂಗಿನ ಮೇಲೆ ಯಾರು ಬಾಯಿ ತೆರೆದರೂ ಮಾಲು ಅವರದಲ್ಲ. ಮಾರುಕಟ್ಟೆಯ ಈ ಕಾನೂನನ್ನು ಅವಳು ಮನೆಗೂ ತಂದಿದ್ದಳು. ಊಟಕ್ಕೆ ಮೂರು ಸಲ ಕರೆಯುವಳು, ಬರದಿದ್ದರೆ ತಟ್ಟೆ ಎತ್ತುವಳು. ಸಿನಿಮಾಕ್ಕೆ ಬರ್ತೀರಾ, ಬರ್ತೀರಾ, ಬರ್ತೀರಾ, ಸರಿ ಬಿಡಿ ಎಂದು ತಾನೊಬ್ಬಳೇ ಹೊರಡುವಳು. ಮದುವೆಯ ಮಾತುಕತೆಯಲ್ಲೂ ಹುಡುಗ ಒಪ್ಪಿಗೆ ಹೇಳುವುದಕ್ಕೆ ಮುಂಚೆಯೇ ಮೂರು ಎಣಿಸಿ, ಇವರು ನನಗೇ ಎಂದು ಸಾರಿಬಿಟ್ಟಳಂತೆ. ಹುಡುಗ ಹೂಂ ಅಂದದ್ದು ಕಾಫಿ ಲೋಟಗಳನ್ನು ಒಳಗೆ ಒಯ್ದ ಮೇಲೆ. ಬಂಧುಬಳಗವೆಲ್ಲ ಈಗಲೂ ಹೇಳಿಕೊಂಡು ನಗುವ ಕತೆ ಇದು.

ತಂಗಿ ಬಂದ ಸಂಜೆ ಕಂಪ್ಯೂಟರನ್ನು ಎಬ್ಬಿಸಿ ಕೂರಿಸುವುದರಲ್ಲಿ ಕಳೆಯಿತು. ಅದು ಇದ್ದದ್ದು ಮನೆಯ ಹಿಂದಿನ ಚಿಕ್ಕ ಕೋಣೆಯಲ್ಲಿ. ಹೊರಗಿನ ಸದ್ದು ಬರದಿರಲೆಂದು ಗೋಡೆಗೆಲ್ಲ ರಜಾಯಿ, ಕಂಬಳಿ ನೇತುಹಾಕಿದ್ದರು. ಡಿಸ್ಕಿನ ಫೈಲ್ ಸಿಸ್ಟಮ್ ಕುಸಿದುಬಿದ್ದಿತ್ತು. ಅಕ್ಕ ಬೆನ್ನ ಹಿಂದೆ ನಿಂತು, "ಹಾಗಂದ್ರೇನು, ನಂಗೆ ತಿಳಿಯೋ ಹಾಗೆ ಹೇಳು," ಎಂದಳು.

"ಗೋದಾಮಲ್ಲಿ ಮೂಟೆ ಎಲ್ಲ ಇದೆ ಅಂತಿಟ್ಕೋ. ಯಾವ ಮೂಟೆ ಯಾರದು, ಯಾವ ಮೂಲೇಲಿದೆ ಅಂತ ಬರೆದ ಚೀಟಿಗಳೆಲ್ಲ ಹರಿದು ಹೋಗಿವೆ. ಬರೀತಾ ಬರೀತಾ ಅರ್ಧದಲ್ಲೇ ಯಾರೋ ಕೈಯಿಂದ ಪೆನ್ನು ಕಿತ್ಕೊಂಡ ಹಾಗೆ."

"ಯಾರು ಕಿತ್ಕೊಂಡಿದ್ದು?"

"ಅದನ್ನೇ ಹುಡುಕ್ಬೇಕು. ನೀನು ಸರಿಯಾಗೇ ಆಫ್ ಮಾಡ್ತೀಯಾ ತಾನೇ?"

"ನೀನು ಹೇಳ್ಕೊಟ್ಟ ಹಾಗೇ," ಎಂದಳು ಅಕ್ಕ. ತಂಗಿ ಅಷ್ಟಕ್ಕೇ ಬಿಟ್ಟು ಯಂತ್ರದ ಕಡೆ ತಿರುಗಿದಳು. ಮನುಷ್ಯರಿಗೆ ಕೇಳುವ ಒಂದು ಪ್ರಶ್ನೆ ಅಲ್ಲಿಗೆ ಮುಗಿಯಿತು.

ರಿಪೇರಿ ಮಾಡುವ ಆಜ್ಞೆ ಕೊಟ್ಟಾಗ ಕಂಪ್ಯೂಟರ್ ಚೀಟಿಯಿಲ್ಲದ ತುಣುಕುಗಳನ್ನೆಲ್ಲ ಒಂದು ಮೂಲೆಗೆ ಗುಡ್ಡೆ ಹಾಕಿತು. ಹೆಸರಿಲ್ಲ, ಬರೀ ಅಂಕಿಗಳು. ತಂಗಿ ಒಂದನ್ನು ತೆರೆದು ಕೇಳಿದಳು. ಅಕ್ಕನ ದನಿ, "ಕಿಟಕಿ ತೆ" ಎಂದು ಅಲ್ಲೇ ನಿಂತಿತು. ಇನ್ನೊಂದು, "ನಾಳೆ ನನ್ನನ್ನು" ಎಂದಿತು, ಏನು ಮಾಡಬೇಕೆಂದು ಹೇಳಲಿಲ್ಲ. ಮತ್ತೊಂದರಲ್ಲಿ ಬರೀ ಉಸಿರೆಳೆದ ಸದ್ದು. ಹಿಂದೆ ನಿಂತ ಅಕ್ಕನ ಮುಖ ನೋಡುವ ಧೈರ್ಯವಾಗದೆ ತಂಗಿ ಸ್ಪೀಕರ್ ಆರಿಸಿದಳು.

"ಒಂದು ವಿಚಿತ್ರ ನೋಡು," ಎಂದಳು ಮಾತು ತಿರುಗಿಸಲು. "ಮಧ್ಯಾಹ್ನ ಓದಿದ್ದು ಒಂದೂ ಕೆಟ್ಟಿಲ್ಲ. ಕೆಟ್ಟಿದ್ದೆಲ್ಲ ಸಂಜೇದು. ಮೂರು ಸಲಾನೂ."

ಅಕ್ಕ ದಿನಕ್ಕೆ ಎರಡು ಬಾರಿ ಓದುತ್ತಿದ್ದಳು. ಮಧ್ಯಾಹ್ನ ಒಂದಿಷ್ಟು, ಗಂಟಲಿಗೆ ವಿಶ್ರಾಂತಿ ಕೊಟ್ಟು ಸಂಜೆ ಒಂದಿಷ್ಟು. ಅದಕ್ಕಿಂತ ಹೆಚ್ಚು ಓದಕೂಡದೆಂದು ಡಾಕ್ಟರಮ್ಮ ಕಟ್ಟಪ್ಪಣೆ ಮಾಡಿದ್ದರು. ಪ್ರತಿ ಸಲವೂ ಓದಿ ಮುಗಿಸಿ ಕಂಪ್ಯೂಟರ್ ಆರಿಸುವುದು ವಾಡಿಕೆ. ಆರಿಸುವಾಗಲೇ ಆ ಪ್ರೋಗ್ರಾಮು ಅಷ್ಟನ್ನೂ ಗಂಟು ಕಟ್ಟಿ ಡಿಸ್ಕಿನಲ್ಲಿ ಇಡುತ್ತಿತ್ತು, ಅಲ್ಲಿಯವರೆಗೆ ಒಂದು ವಾಕ್ಯವನ್ನೂ ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ಹಾಗಾಗಿ ಮೊದಲೇ ಒಂದು ನಕಲು ತೆಗೆದಿಟ್ಟುಕೊಳ್ಳುವ ಉಪಾಯವೂ ನಡೆಯುತ್ತಿರಲಿಲ್ಲ. ಒಂದು ಸಂಜೆಯ ವಾಕ್ಯಗಳು ಹೋದರೆ ಮತ್ತೊಂದು ಸಂಜೆಯ ಗಂಟಲು ಬೇಕು. ಉಳಿದ ಸಂಜೆಗಳೇ ಬೆರಳೆಣಿಕೆಯಷ್ಟು.

ಆ ಸಂಜೆ ಅಕ್ಕ ಕೆಲವೇ ವಾಕ್ಯ ಓದಿದಳು. ಭಾವ ಅತಿಥಿ ಬಂದಿದ್ದಾಳೆಂದು ನಡುಮನೆಯಲ್ಲೇ ಕೂತು ಏನು ಮಾತಾಡುವುದೆಂದು ಯೋಚಿಸುತ್ತಿದ್ದರು. ತಂಗಿ ತಾನೇ ಕಂಪ್ಯೂಟರ್ ಆರಿಸಿದಳು. ಅದು ವಿಧೇಯ ಮಗುವಿನ ಹಾಗೆ ಕಣ್ಣು ಮುಚ್ಚಿತು. ತೆರೆದು ನೋಡಿದರೆ ಎಲ್ಲ ಸರಿಯಾಗಿತ್ತು.

"ನಿನ್ನ ಕಂಡ್ರೆ ಹೆದರುತ್ತೆ ಅದು," ಎಂದಳು ಅಕ್ಕ.

ಹೀಗಾಗುವುದು ತಂಗಿಗೆ ಹೊಸದಲ್ಲ. ವೈದ್ಯರ ಎದುರು ಮಾಯವಾಗುವ ಹಲ್ಲುನೋವಿನಂತೆ ಕೆಲವು ದೋಷಗಳು ದುರಸ್ತಿಯವರ ಎದುರು ಬಾಲ ಮುದುರಿಕೊಳ್ಳುತ್ತವೆ. ಅಂಥ ದೋಷಗಳೇ ಅವಳಿಗೆ ಹೆಚ್ಚು ಕಾಟ ಕೊಟ್ಟಿದ್ದು.

ಭಾವ ಅಡುಗೆಗೆಂದು ಎದ್ದು ಹೋದ ಮೇಲೆ ಅಕ್ಕ ಕಂಬಳಿಗೆ ಒರಗಿ ಕೂತಳು. ಅವಳಿಗೆ ಅಡುಗೆಮನೆಯ ಹೊಗೆ, ಒಗ್ಗರಣೆಯ ಘಾಟು ಈಗ ಆಗುತ್ತಿರಲಿಲ್ಲ, ಹೀಗಾಗಿ ಮನೆಯ ಅಡುಗೆ ಪೂರಾ ಭಾವನ ಪಾಲಿಗೆ ಬಂದಿತ್ತು.

"ನೋಡಿದ್ಯಾ ನಿಮ್ಮ ಭಾವನ್ನ?" ಎಂದಳು. "ಈ ಕೋಣೆ ಒಳಗೆ ಇದುವರೆಗೆ ಒಂದು ಸಲಾನೂ ಕಾಲಿಟ್ಟಿಲ್ಲ. ನಾನು ಓದೋಕೆ ಕೂತ್ರೆ ಸಾಕು, ಅಡುಗೆಮನೆ ಸೇರ್ಕೊಂಡು ಬಾಗಿಲು ಹಾಕ್ಕೋತಾರೆ. ಏನು ಓದ್ದೆ, ಎಷ್ಟು ಓದ್ದೆ, ಊಹೂಂ."

"ಅವರ ಸ್ವಭಾವ ಗೊತ್ತಲ್ಲ ಅಕ್ಕ."

"ಗೊತ್ತು. ಅದಕ್ಕೇ ಹೇಳ್ತಿರೋದು. ಅವರಿಗೆ ನೆಮ್ಮದಿ ಅಂತ ಕಾಣುತ್ತೆ ಕಣೇ. ಇಷ್ಟು ವರ್ಷ ಕಿವಿ ಮುಚ್ಕೊಂಡು ಬಾಳ್ವೆ ಮಾಡಿದ್ರು, ಇನ್ನು ಮನೆ ತಣ್ಣಗಾಗುತ್ತೆ." ನಗಲು ಹೋಗಿ ಕೆಮ್ಮಿದಳು. "ಆಪರೇಷನ್ ವಿಷಯ ಹೇಳಿದ ದಿನ, ಏನಾದ್ರೂ ಹೇಳ್ರೀ ಅಂದೆ. ಒಂದ್ಸಲ ಅಂದೆ, ಎರಡ್ಸಲ ಅಂದೆ, ಮೂರ್ಸಲ ಅಂದೆ. ಗೋಡೆ ನೋಡ್ತಾ ನಿಂತಿದ್ರು. ಎದ್ದು ಬಂದ್ಬಿಟ್ಟೆ."

ತಂಗಿಗೆ ಕಂಪ್ಯೂಟರಿನ ವಿಷಯವಾಗಿದ್ದರೆ ಹತ್ತು ದಾರಿ ಹೊಳೆಯುತ್ತಿದ್ದವು. ಅಕ್ಕನ ಬೆನ್ನು ಸವರಿದಳು, ಅಷ್ಟೆ. ಭಾವನ ಮೇಲೆ ಅವಳಿಗೂ ಒಳಗೊಳಗೇ ಸಿಟ್ಟು ಬಂದಿತ್ತು.

ಮರುದಿನ ಬೆಳಿಗ್ಗೆ ಅವಳು ದಿನಚರಿ ಓದಲು ಕೂತಳು. ಪ್ರತಿ ಕಂಪ್ಯೂಟರೂ ತಾನು ಮಾಡಿದ್ದನ್ನೆಲ್ಲ ಸಾಲು ಸಾಲಾಗಿ ತನಗೆ ತಾನೇ ಬರೆದುಕೊಳ್ಳುತ್ತದೆ, ಹೊಟ್ಟೆಕಿಚ್ಚಿನ ನೆರೆಯವರಂತೆ ಯಾವುದನ್ನೂ ಬಿಡದೆ. ಕೆಟ್ಟ ಸಂಜೆಗಳ ಸಾಲುಗಳನ್ನು ಒಳ್ಳೆಯ ಮಧ್ಯಾಹ್ನಗಳ ಪಕ್ಕಕ್ಕಿಟ್ಟು ಹೋಲಿಸಿದಳು. ಆರಿಸುವ ಆಜ್ಞೆ ಬಂತು, ಸರಿ. ಓದುವ ಪ್ರೋಗ್ರಾಮು ಮುಚ್ಚಿತು, ಸರಿ. ಗಂಟು ಕಟ್ಟಲು ಶುರು ಮಾಡಿತು, ಸರಿ. ಇನ್ನು ಡಿಸ್ಕನ್ನು ಕಳಚಿಡಬೇಕು. ಮಧ್ಯಾಹ್ನಗಳಲ್ಲಿ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿತ್ತು. ಸಂಜೆಗಳಲ್ಲಿ ಮಾತ್ರ ಅಲ್ಲೊಂದು ಸಾಲು ಬರುತ್ತಿತ್ತು: ಡಿಸ್ಕ್ ಬಳಕೆಯಲ್ಲಿದೆ, ಬಿಡುವವರೆಗೆ ಕಾಯುತ್ತಿದ್ದೇನೆ. ಅದರ ನಂತರ ಏನೂ ಇಲ್ಲ. ಮಾತಾಡುತ್ತಿದ್ದವನ ಬಾಯಿಗೆ ಬಟ್ಟೆ ತುರುಕಿದ ಹಾಗೆ ದಿನಚರಿ ನಿಂತುಹೋಗಿತ್ತು.

ತಂಗಿ ಹಣೆ ಉಜ್ಜಿಕೊಂಡಳು. ಅಂದರೆ ಡಿಸ್ಕಿಗೆ ರೋಗವಿಲ್ಲ. ಕರೆಂಟಿಗೂ ಇಲ್ಲ. ಯಾರೋ ಡಿಸ್ಕನ್ನು ಹಿಡಿದುಕೊಂಡಿದ್ದಾರೆ, ಯಂತ್ರ ಸಭ್ಯತೆಯಿಂದ ಕಾಯುತ್ತಿದೆ, ಕಾಯುತ್ತಿರುವಾಗಲೇ ಅದರ ಪ್ರಾಣ ಹೋಗುತ್ತಿದೆ. ಹಿಡಿದವರು ಯಾರು? ಪ್ರಾಣ ತೆಗೆದವರು ಯಾರು? ಪ್ರೋಗ್ರಾಮೇ ಪೂರ್ತಿ ಮುಚ್ಚದೆ ತುದಿಯೊಂದನ್ನು ಕಚ್ಚಿಕೊಂಡಿರಬಹುದು. ಬ್ಯಾಟರಿ ಡಬ್ಬದ ತಂತಿ ಸಡಿಲಿರಬಹುದು. ಸಂಜೆ ಅಕ್ಕಪಕ್ಕದ ಮನೆಗಳಲ್ಲೆಲ್ಲ ಒಲೆ, ಹೀಟರು ಹೊತ್ತಿಕೊಳ್ಳುವ ಹೊತ್ತು ಬೇರೆ. ಮಧ್ಯಾಹ್ನ ಅಕ್ಕ ಓದಿ ಮುಗಿಸಿದಾಗ ಬೇಕೆಂದೇ ತಂತಿಗಳನ್ನು ಅಲುಗಾಡಿಸಿ ಆರಿಸಿ ನೋಡಿದಳು. ಏನೂ ಆಗಲಿಲ್ಲ. ಆದರೂ ಸಮಾಧಾನವಾಗದೆ, ಸಂಜೆ ಭಾವ ಅಂಗಡಿಯಿಂದ ಬಂದ ಮೇಲೆ, ಹೊಸ ತಂತಿ ತರುತ್ತೇನೆಂದು ಹೇಳಿ ಪೇಟೆಗೆ ಹೋದಳು.

"ನಿಧಾನಕ್ಕೆ ಬಾ," ಎಂದರು ಭಾವ. ಅದು ಅವಳು ಬೀದಿಯ ತಿರುವು ಮುಟ್ಟಿದ ಮೇಲೆ ಕೇಳಿಸಿತು.

ಬೇಕಾದ ತಂತಿ ಮೊದಲ ಅಂಗಡಿಯಲ್ಲೇ ಸಿಕ್ಕಿದ್ದರಿಂದ ಅವಳು ಹೇಳಿದ್ದಕ್ಕಿಂತ ಬೇಗ ಹಿಂದಿರುಗಿದಳು. ಹಿತ್ತಲ ಬಾಗಿಲು ಸುಮ್ಮನೆ ಮುಂದಕ್ಕೆ ಎಳೆದಿತ್ತು. ಅಲ್ಲಿಂದಲೇ ಚಿಕ್ಕ ಕೋಣೆಗೆ ಬಂದಳು. ಅಕ್ಕ ಓದಿ ಮುಗಿಸಿ, ಆರಿಸುವ ಗುಂಡಿ ಒತ್ತಿ, ಪರದೆಯನ್ನು ಗುರಾಯಿಸುತ್ತ ಕೂತಿದ್ದಳು. ಪರದೆ ಕಪ್ಪಾಗಿತ್ತು, ಅದರ ಕೆಳಗಡೆ ಒಂದೇ ಒಂದು ಬಿಳಿಯ ಸಾಲು.

"ಒಂದು ಸಾರಿ," ಎಂದಳು ಅಕ್ಕ, ಒಡೆದ ದನಿಯಲ್ಲಿ, ಪರದೆಗೆ.

ತಂಗಿ ಬಾಗಿಲಲ್ಲೇ ನಿಂತಳು.

"ಎರಡು ಸಾರಿ." ಅಕ್ಕನ ಬಲಗೈ ಮೇಜಿನ ಕೆಳಗಿನ ಬ್ಯಾಟರಿ ಡಬ್ಬದ ಸ್ವಿಚ್ಚಿನ ಕಡೆ ಇಳಿಯಿತು. ಹರಾಜಿನ ಸುತ್ತಿಗೆ ಎತ್ತುವ ಅದೇ ಕೈ, ಅದೇ ಗತ್ತು. "ಮೂರು ಸಾ..."

"ಅಕ್ಕಾ!" ತಂಗಿ ಹಾರಿ ಹೋಗಿ ಅವಳ ಮಣಿಕಟ್ಟು ಹಿಡಿದಳು. "ಏನ್ ಮಾಡ್ತಿದ್ದೀಯ?"

"ಆಫ್ ಮಾಡ್ತಿದ್ದೀನಿ! ಬಿಡು ಕೈ, ಜೀವ ಹೋಯ್ತು ನಂದು. ಗುಂಡಿ ಒತ್ತಿದೆ, ಕಪ್ಪಾಯ್ತು, ಮೂರೆಣಿಸಿದೆ. ಇನ್ನೂ ಎಷ್ಟು ಹೊತ್ತು ಅದರ ಮುಖ ನೋಡ್ಲಿ? ಮಧ್ಯಾಹ್ನ ಎಲ್ಲ ಮೂರರೊಳಗೆ ತಾನಾಗೇ ಆರುತ್ತೆ. ಸಂಜೆ ಸೋಮಾರಿತನ ಮಾಡುತ್ತೆ."

ತಂಗಿ ಕರೆಂಟು, ಬ್ಯಾಟರಿ, ಡಿಸ್ಕು, ತಂತಿ ಎಂದು ಊರೆಲ್ಲ ತಿರುಗಿ ಬಂದಿದ್ದಳು. ಅಕ್ಕ ಆರಿಸುವುದನ್ನು ಪಕ್ಕದಲ್ಲೇ ನಿಂತು ಒಂದು ಸಂಜೆ ನೋಡಿದ್ದರೆ ಮುಗಿದುಹೋಗುತ್ತಿತ್ತು. ನಗು ಬಂತು, ನಗಲು ಬಾಯಿ ತೆರೆದವಳು ಪರದೆಯ ಸಾಲನ್ನು ಓದಿ ಹಾಗೇ ಮುಚ್ಚಿದಳು. ಡಿಸ್ಕ್ ಬಳಕೆಯಲ್ಲಿದೆ, ಬಿಡುವವರೆಗೆ ಕಾಯುತ್ತಿದ್ದೇನೆ.

ಪ್ರಾಣ ತೆಗೆದವರು ಸಿಕ್ಕಿದರು. ಹಿಡಿದವರು ಇನ್ನೂ ಸಿಕ್ಕಿರಲಿಲ್ಲ.

"ಮುಟ್ಬೇಡ," ಎಂದಳು ಮೆಲ್ಲಗೆ. "ಅದು ಸೋಮಾರಿ ಅಲ್ಲ ಅಕ್ಕ. ಯಾರೋ ಈ ಡಿಸ್ಕಿಂದ ಏನನ್ನೋ ತೆಗೆದು ನೋಡ್ತಿದ್ದಾರೆ. ಅವರು ಬಿಡೋವರೆಗೆ ಕಾಯ್ತಾ ಇದೆ."

"ಯಾರು ನೋಡ್ತಾರೆ? ಇಲ್ಲಿ ಕೂತಿರೋಳು ನಾನೊಬ್ಬಳು."

ತಂಗಿ ಯೋಚಿಸಿದಳು. ಈ ಡಿಸ್ಕಿಗೆ ಇನ್ನೊಂದು ಬಾಗಿಲಿತ್ತು. ಹಿಂದೆ, ಅಡುಗೆಮನೆಯಲ್ಲಿ ಕೆಲಸ ಮಾಡುತ್ತಲೇ ಸಿನಿಮಾ ನೋಡಲೆಂದು ಅಕ್ಕನೇ ಹಟ ಹಿಡಿದು, ಅಲ್ಲಿದ್ದ ಹಳೆಯ ಟ್ಯಾಬಿಗೆ ವೈಫೈಯಲ್ಲಿ ದಾರಿ ಮಾಡಿಸಿಕೊಂಡಿದ್ದಳು. ಡಿಸ್ಕ್ ಬದಲಾಯಿಸಿದಾಗ ತಂಗಿ ಆ ದಾರಿಯನ್ನು ಮುಚ್ಚದೆ ಹಾಗೇ ಬಿಟ್ಟಿದ್ದಳು.

"ಅಡುಗೆಮನೆ ಟ್ಯಾಬು," ಎಂದಳು.

"ಓ, ಅದಾ. ನಿಮ್ಮ ಭಾವ ಅದರಲ್ಲಿ ಏನೋ ಸಿನಿಮಾ ಹಾಕ್ಕೊಂಡು ಈರುಳ್ಳಿ ಹೆಚ್ತಾರೆ. ನೋಡು, ನಾನಿಲ್ಲಿ ಗಂಟಲು ಹರ್ಕೋತಿದ್ರೆ ಅವರಿಗೆ ಸಿನಿಮಾ. ಅವರ ಸಿನಿಮಾದಿಂದ ನನ್ನ ವಾಕ್ಯ ಎಲ್ಲ..."

"ಸಿನಿಮಾ ಎಲ್ಲ ಹಳೇ ಡಿಸ್ಕಲ್ಲಿತ್ತು ಅಕ್ಕ. ಅದನ್ನ ತೆಗೆದಾಯ್ತಲ್ಲ." ತಂಗಿ ಅಡುಗೆಮನೆಯ ಕಡೆ ತಿರುಗಿ ನೋಡಿದಳು. "ಇದರಲ್ಲಿ ಇರೋದು ನಿನ್ನ ದನಿ ಒಂದೇ."

ಅಕ್ಕ ಪರದೆ ನೋಡಿದಳು, ತಂಗಿಯ ಮುಖ ನೋಡಿದಳು. ಆಮೇಲೆ ಕುರ್ಚಿ ಸರಿಸಿ ಎದ್ದು, ನಡುಮನೆ ದಾಟಿ ಅಡುಗೆಮನೆಯ ಬಾಗಿಲಿಗೆ ಹೋದಳು. ಸಾಮಾನ್ಯವಾಗಿ ಅವಳು ನಡೆದರೆ ಕಪಾಟಿನ ಲೋಟಗಳು ಅಲುಗುತ್ತಿದ್ದವು. ಆಗ ಒಂದೂ ಸದ್ದಾಗಲಿಲ್ಲ. ತಂಗಿ ಹಿಂದೆಯೇ ಹೋದಳು.

ಬಾಗಿಲು ಪೂರ್ತಿ ಹಾಕಿರಲಿಲ್ಲ. ಭಾವ ಬೆನ್ನು ಮಾಡಿ ನಿಂತಿದ್ದರು. ಹೆಚ್ಚುವ ಮಣೆಯ ಮೇಲೆ ಅರ್ಧ ಹೆಚ್ಚಿದ ಈರುಳ್ಳಿ, ಒಲೆಯ ಮೇಲೆ ಸಣ್ಣ ಉರಿಯಲ್ಲಿ ಪಾತ್ರೆ, ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟ ಟ್ಯಾಬು. ಭಾವನ ಒದ್ದೆ ಬೆರಳು ಅದನ್ನು ಮುಟ್ಟಿತು.

"ಬಾಗಿಲು ಹಾಕಿದ್ರಾ?" ಎಂದಿತು ಟ್ಯಾಬಿನೊಳಗಿಂದ ಅಕ್ಕನ ದನಿ, ಮಾರುಕಟ್ಟೆಯ ದರ್ಪದಲ್ಲಿ.

ಬೆರಳು ಮತ್ತೆ ಮುಟ್ಟಿತು. ದನಿ ಅಲ್ಲೇ ನಿಂತು ಕಾಯಿತು. ಭಾವ ಎರಡು ಈರುಳ್ಳಿ ಚೂರುಗಳನ್ನು ಪಕ್ಕಕ್ಕೆ ಸರಿಸಿದರು, ಉರಿ ಸ್ವಲ್ಪ ತಗ್ಗಿಸಿದರು, ಕನ್ನಡಕ ಮೇಲೇರಿಸಿದರು.

"ಮುಂದಿನದು ಹಾಕಿದೆ. ಹಿತ್ತಿಲದು ಪುಟ್ಟಿ ಬರ್ಲಿ ಅಂತ ಹಾಗೇ ಬಿಟ್ಟಿದ್ದೀನಿ," ಎಂದರು ಟ್ಯಾಬಿಗೆ.

ಮತ್ತೆ ಬೆರಳು. "ಇವತ್ತು ಅಂಗಡಿಯಲ್ಲಿ ಕೆಲಸ ಹೆಚ್ಚಿತ್ತಾ?" ಮತ್ತೆ ನಿಲುಗಡೆ. ಈ ಸಲ ಇನ್ನೂ ಉದ್ದ. "ಹೆಚ್ಚೇನಿರ್ಲಿಲ್ಲ. ಒಂದು ಹುಡುಗಿ ಬಂದಿತ್ತು, ಮೊದಲನೇ ಸಲ ಕನ್ನಡಕ ಹಾಕ್ಕೊಂಡು, ಮರದ ಎಲೆಗಳು ಬೇರೆ ಬೇರೆ ಕಾಣ್ತವೆ ಅಂತು. ನಿಂಗೆ ಹೇಳ್ಬೇಕು ಅನ್ನಿಸ್ತು."

ತಂಗಿಗೆ ಈಗ ಇಡೀ ದೋಷ ಅಂಗೈ ಮೇಲಿಟ್ಟಷ್ಟು ಸ್ಪಷ್ಟವಾಯಿತು. ಸುಮ್ಮನೆ ಕೇಳುತ್ತ ಹೋಗಿದ್ದರೆ ಕಡತ ತೆರೆದು ಮುಚ್ಚಿ ಕ್ಷಣದಲ್ಲಿ ಮುಗಿಯುತ್ತಿತ್ತು, ಡಿಸ್ಕಿಗೆ ತೊಂದರೆಯೇ ಇರುತ್ತಿರಲಿಲ್ಲ. ಭಾವ ಪ್ರತಿ ವಾಕ್ಯವನ್ನೂ ನಡುವೆ ತಡೆದು ನಿಲ್ಲಿಸಿ, ಉತ್ತರ ಸಿಗುವವರೆಗೆ ಹಾಗೇ ಹಿಡಿದುಕೊಳ್ಳುತ್ತಿದ್ದರು. ಆ ಕೋಣೆಯ ಯಂತ್ರ ಕಾಯುತ್ತಿದ್ದದ್ದು ಈ ಮನುಷ್ಯ ಮಾತು ಹುಡುಕಿ ಮುಗಿಸಲಿ ಎಂದು. ಇಲ್ಲಿ ಹುಡುಕಾಟ, ಅಲ್ಲಿ ಎಣಿಕೆ. ಮಧ್ಯೆ ಮೂರು ಸಂಜೆಗಳು ಪುಡಿಯಾಗಿ ಹೋಗಿದ್ದವು. ಅಕ್ಕನ ಕಿವಿಯಲ್ಲಿ ಇದನ್ನು ಉಸುರಬೇಕೆಂದುಕೊಂಡಳು. ಅಕ್ಕನ ಮುಖ ನೋಡಿ ಸುಮ್ಮನಾದಳು.

ಬೆರಳು ಮತ್ತೊಮ್ಮೆ ಟ್ಯಾಬನ್ನು ಮುಟ್ಟಿತು.

"ನನಗೆ ಭಯ ಆಗ್ತಿದೆ," ಎಂದಿತು ಅಕ್ಕನ ದನಿ.

ಡಾಕ್ಟರಮ್ಮ ಕೊಟ್ಟ ವಾಕ್ಯ ಅದು. ರೋಗಿಗೆ ಬೇಕಾಗಬಹುದೆಂದು ನೀರು ಬೇಕು, ದಿಂಬು ಬೇಕು ಎಂಬವುಗಳ ನಡುವೆ ಸೇರಿಸಿದ್ದರು. ಅಕ್ಕ ಅದನ್ನೂ ಟೊಮೇಟೊ ಬೆಲೆ ಕೂಗಿದ ಹಾಗೆಯೇ ಓದಿದ್ದಳು, ಒಂದಿಷ್ಟೂ ನಡುಗದೆ. ಆದರೆ ಬಾಗಿಲಲ್ಲಿ ನಿಂತವಳ ಕೈ ತಂಗಿಯ ಕೈಯನ್ನು ಹುಡುಕಿ ಬಿಗಿಯಾಗಿ ಹಿಡಿದುಕೊಂಡಿತು. ಜೀವಮಾನದಲ್ಲಿ ಅವಳು ಈ ಮಾತನ್ನು ತನ್ನದೆಂದು ಯಾರಿಗೂ ಹೇಳಿದವಳಲ್ಲ. ಹೇಳಬೇಕಾದದ್ದು ಎಷ್ಟಿತ್ತೆಂದು ಆ ಹಿಡಿತದಲ್ಲೇ ತಂಗಿಗೆ ತಿಳಿಯಿತು.

ಭಾವ ದನಿಯನ್ನು ನಿಲ್ಲಿಸಿದರು. ಕೈ ಒರೆಸಿಕೊಂಡರು. ಒಲೆ ಆರಿಸಿದರು. ಕಿಟಕಿಯಾಚೆ ನೋಡಿದರು. ಪಾತ್ರೆಯ ಕುದಿ ಇಳಿಯಿತು. ಅಕ್ಕನ ತುಟಿ ಒಮ್ಮೆ ಅಲುಗಿತು, ತಂಗಿ ಇನ್ನೇನು ಎಣಿಸುತ್ತಾಳೆ ಎಂದುಕೊಂಡಳು, ಅಕ್ಕ ತುಟಿ ಕಚ್ಚಿ ಹಿಡಿದಳು. ಬೀದಿಯಲ್ಲಿ ಸೈಕಲ್ಲೊಂದು ಗಂಟೆ ಬಾರಿಸುತ್ತ ಹೋಯಿತು, ಎದುರು ಮನೆಯವರು ಮಗುವನ್ನು ಕರೆದು ಕರೆದು ಒಳಗೆ ಸೇರಿಸಿಕೊಂಡರು, ಆಗಲೂ ಭಾವ ಹಾಗೇ ನಿಂತಿದ್ದರು.

"ನಂಗೂ," ಎಂದರು ಕೊನೆಗೆ. ಆಮೇಲೆ ಮತ್ತೆ ಹುಡುಕಿದರು. "ನಂಗೂ ಆಗ್ತಿದೆ ಕಣೇ. ಇಷ್ಟು ವರ್ಷ ನೀನು ಮಾತಾಡ್ತೀಯಲ್ಲ ಅಂತ ನಾನು ಸುಮ್ಮನಿದ್ದೆ. ಇನ್ಮೇಲೆ ಯಾರನ್ನ ನಂಬ್ಕೊಂಡು ಸುಮ್ಮನಿರ್ಲಿ?"

ಅಕ್ಕನಿಂದ ಒಂದು ಸದ್ದು ಬಂತು, ಅಳುವೋ ಕೆಮ್ಮೋ. ಭಾವ ಗಾಬರಿಯಿಂದ ತಿರುಗಿದರು. ಕದ್ದು ತಿನ್ನುವಾಗ ಸಿಕ್ಕಿಬಿದ್ದ ಮಗುವಿನ ಹಾಗೆ ಕಿವಿವರೆಗೂ ಕೆಂಪಾದರು. ಕೈ ಟ್ಯಾಬನ್ನು ಮುಚ್ಚಲು ಹೋಗಿ, ತಡವರಿಸಿ, ಅದನ್ನು ಬೋರಲಾಗಿ ಬೀಳಿಸಿತು.

"ಆ ಟ್ಯಾಬಿಗೆ ಹೇಳಿದ್ದು ಸಾಕು," ಎಂದಳು ಅಕ್ಕ. ಪಿಸುಮಾತಿಗಿಂತ ಸ್ವಲ್ಪ ಮೇಲಿತ್ತು ದನಿ. "ನಂಗೆ ಹೇಳ್ರೀ. ನಾನಿನ್ನೂ ಇಲ್ಲೇ ಇದ್ದೀನಲ್ಲ."

ಅಕ್ಕ ಒಳಗೆ ಹೋಗಿ, ಮೂಲೆಯ ಎತ್ತರದ ಸ್ಟೂಲನ್ನು ಎಳೆದುಕೊಂಡು, ಅವರ ಎದುರಿಗೆ ಕೂತಳು. ಹೊಗೆಯ ಘಾ​ಟಿಗೆ ಮೂಗು ಮುಚ್ಚಿಕೊಳ್ಳಲೂ ಇಲ್ಲ.

ತಂಗಿ ಮೆಲ್ಲಗೆ ಬಾಗಿಲು ಮುಂದಕ್ಕೆ ಎಳೆದು ಚಿಕ್ಕ ಕೋಣೆಗೆ ಬಂದಳು. ಪರದೆಯ ಮೇಲೆ ಆ ಬಿಳಿಯ ಸಾಲು ಇರಲಿಲ್ಲ, ಟ್ಯಾಬು ಬಿದ್ದು ಡಿಸ್ಕನ್ನು ಬಿಟ್ಟದ್ದೇ ಕಂಪ್ಯೂಟರ್ ತಾನಾಗೇ ಆರಿತ್ತು. ಸಂಜೆಯ ವಾಕ್ಯಗಳು ಉಳಿದವೇ ಇಲ್ಲವೇ ಎಂದು ನೋಡಲು ಅದನ್ನು ಮತ್ತೆ ಎಬ್ಬಿಸಬೇಕಿತ್ತು. ಬೆಳಿಗ್ಗೆ ನೋಡಿದರಾಯಿತು ಎಂದುಕೊಂಡಳು. ಯಾವ ಯಂತ್ರದ ವಿಷಯದಲ್ಲೂ ಅವಳು ಹಾಗೆ ಅಂದುಕೊಂಡದ್ದಿಲ್ಲ. ಹೊಸ ತಂತಿಯನ್ನು ಪೊಟ್ಟಣ ಬಿಚ್ಚದೆ ಚೀಲಕ್ಕೆ ಹಾಕಿಕೊಂಡಳು.

ಅಡುಗೆಮನೆಯಿಂದ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಭಾವನ ದನಿ ಶುರುವಾಯಿತು. ಮೊದಲು ತಡೆದು ತಡೆದು, ನಡುನಡುವೆ ದೊಡ್ಡ ಮೌನ ಬಿಟ್ಟು, ಆಮೇಲೆ ಸ್ವಲ್ಪ ಸರಾಗವಾಗಿ. ಏನು ಹೇಳುತ್ತಿದ್ದಾರೆಂದು ಕಂಬಳಿ ಹೊದ್ದ ಗೋಡೆಗಳ ಒಳಗೆ ತಿಳಿಯುತ್ತಿರಲಿಲ್ಲ, ತಂಗಿ ತಿಳಿದುಕೊಳ್ಳಲು ಹೋಗಲೂ ಇಲ್ಲ. ಅಕ್ಕನ ದನಿಗಾಗಿ ಮಾತ್ರ ಅಭ್ಯಾಸಬಲದಿಂದ ಕಿವಿಗೊಟ್ಟು ಕೂತಳು. ಅದು ಒಂದು ಸಲವೂ ಕೇಳಿಸಲಿಲ್ಲ. ಇನ್ನು ಕೆಲವೇ ದಿನ ಮಾತಾಡಬಲ್ಲವಳು ಆ ಸಂಜೆಯೆಲ್ಲ ಅವರು ಹೇಳುವುದನ್ನು ಕೇಳುತ್ತ ಕೂತಿದ್ದಳು.